ವಾದ ಬಿಡದ ಅರ್ಥಧಾರಿ, ನಡುನೀರಲ್ಲಿ ನಿಂತ ಲಾಂಚು

ಸಾಗರ ತಾಲೂಕಿನ ಒಂದು ಊರಿನ ಹವ್ಯಾಸಿ ನಾಟಕ ತಂಡಕ್ಕೆ ಇಂಪ್ರೊವೈಸೇಶನ್ ಕಲಿಸುವ ಕೆಲಸ 2025ರ ಮಳೆಗಾಲದಲ್ಲಿ ನನಗೆ ಬಂತು. ಕೈಯಲ್ಲಿ ಸ್ಕ್ರಿಪ್ಟ್ ಇಲ್ಲದೆ, ಮೊದಲೇ ಮಾತಾಡಿಕೊಳ್ಳದೆ, ನಿಂತ ಜಾಗದಲ್ಲೇ ದೃಶ್ಯ ಕಟ್ಟುವುದು. ದೀಪಾವಳಿ ಹೊತ್ತಿಗೆ ಶಾಲೆಯ ಅಂಗಳದಲ್ಲಿ ಇಂಥ ದೃಶ್ಯಗಳದ್ದೇ ಒಂದು ಪ್ರಯೋಗ ಮಾಡಬೇಕು ಅನ್ನೋದು ಅವರ ಆಸೆ. ಸಂಜೆ ಹೊತ್ತು ಶಾಲೆಯ ಹಾಲ್‌ನಲ್ಲಿ ಅಭ್ಯಾಸ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು.

ಆ ತಂಡದ ಒಂದು ತೊಡಕು, ಅದನ್ನು ಬಿಡಿಸಿದ ಬಗೆ, ಬಿಡಿಸುವಾಗ ಆದ ಹೊಸ ತೊಡಕು, ಇಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಬೇರೆ ಊರುಗಳಲ್ಲಿ ಕಲಿಸುವವರಿಗೂ ಇದು ಎದುರಾಗಿಯೇ ಆಗುತ್ತದೆ ಅಂತ ನನ್ನ ಅಂದಾಜು.

ತಂಡದಲ್ಲಿ ಹತ್ತು ಹನ್ನೆರಡು ಜನ. ಹೆಸರು ಬೇಡ, ಕೆಲಸದಿಂದಲೇ ಗುರುತಿಸೋಣ. ಮುಖ್ಯವಾದವರು ಮೂವರು. ಒಬ್ಬ ಸೊಸೈಟಿಯಲ್ಲಿ ಕೆಲಸ ಮಾಡುವ ಹುಡುಗ. ಆ ಸೀಮೆಯ ತಾಳಮದ್ದಲೆಗಳಲ್ಲಿ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾನೆ. ಪಾತ್ರದ ಮಾತು ಆಡುವ ಇಂಥವರಿಗೆ ಅರ್ಥಧಾರಿ ಅನ್ನುತ್ತಾರೆ. ಅವನಿಗೆ ಒಳ್ಳೆ ಹೆಸರೂ ಇದೆ. ಇನ್ನೊಬ್ಬರು ಅಂಗನವಾಡಿ ಟೀಚರ್. ಮೂರನೆಯವರು ನಿವೃತ್ತ ಮೇಷ್ಟ್ರು, ಹಳೆಯ ಕಾಲದ ಹವ್ಯಾಸಿ ಭಾಗವತರು, ಅಂದರೆ ತಾಳ ಹಾಕಿ ಪದ್ಯ ಹಾಡಿ ಪ್ರಸಂಗ ನಡೆಸುವವರು. ಉಳಿದವರಲ್ಲಿ ಕಾಲೇಜಿನ ಹುಡುಗರು, ಒಬ್ಬ ಎಲೆಕ್ಟ್ರಿಷಿಯನ್, ಇಬ್ಬರು ಗೃಹಿಣಿಯರು.

ನಾಟಕ ಅಂದರೇನು ಅಂತ ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹೆಗ್ಗೋಡು ಇರುವುದು ಇದೇ ತಾಲೂಕಿನಲ್ಲಿ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ಅದರ ರಂಗಶಿಕ್ಷಣ ಕೇಂದ್ರ 1980ರಲ್ಲಿ, ಊರೂರು ಸುತ್ತಿ ನಾಟಕ ಆಡುವ ತಿರುಗಾಟ 1985ರಲ್ಲಿ. ನಾಟಕ ಮುಗಿಸಿ ಮನೆಗೆ ಹೋಗುವಾಗ ಲೈಟಿಂಗ್ ಬಗ್ಗೆ ತಕರಾರು ತೆಗೆಯುವ ಅಡಿಕೆ ಬೆಳೆಗಾರರು ಇಲ್ಲಿ ಸಿಗುತ್ತಾರೆ. ಇಂಥವರ ಎದುರು ಆಡಬೇಕು ಅಂದರೆ ಸುಮ್ನೆ ಅಲ್ಲ.

ತೊಡಕು ಏನು

ಯಾವ ದೃಶ್ಯ ಕೊಟ್ಟರೂ ಅದು ವಾದವಾಗುತ್ತಿತ್ತು. ಮೊದಮೊದಲು ಮಾಡಿಸಿದ ಒಂದು ದೃಶ್ಯ ಹೀಗಿತ್ತು. ಜಾಗ ಬಸ್ ಸ್ಟಾಪು, ಹೊತ್ತು ರಾತ್ರಿ. ಕಾಲೇಜಿನ ಹುಡುಗ ಬಂದು, "ಅಣ್ಣಾ, ಸಾಗರದ ಕೊನೆ ಬಸ್ಸು ಹೋಯ್ತಾ?" ಅಂದ.

ಅರ್ಥಧಾರಿ ಹುಡುಗ ಅವನನ್ನೇ ನೋಡಿ, "ಬಸ್ಸಾ? ಇದು ಬಸ್ ಸ್ಟಾಪು ಅಂತ ನಿಂಗೆ ಯಾರು ಹೇಳಿದ್ದು? ಇದು ನಮ್ಮನೆ ಅಂಗಳ" ಅಂದ.

"ಅಂಗಳ ಆದ್ರೆ ಬೋರ್ಡು ಯಾಕೆ ಇದೆ?"

"ಬೋರ್ಡು ಇದ್ದ ಕಡೆ ಎಲ್ಲ ಬಸ್ಸು ನಿಲ್ಲೋದಾದ್ರೆ ಡಾಕ್ಟ್ರ ಮನೆ ಎದುರೂ ನಿಲ್ಲಬೇಕಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗ ಮಾತಲ್ಲಿ ಬಲು ಚುರುಕು. ಆದರೆ ಐದು ನಿಮಿಷ ಕಳೆದರೂ ಅದು ಅಂಗಳವೋ ಬಸ್ ಸ್ಟಾಪೋ ಅನ್ನೋದರಲ್ಲೇ ಇತ್ತು. ರಾತ್ರಿ ಹೊತ್ತು ಆ ಹುಡುಗ ಎಲ್ಲಿಗೆ ಹೋಗಬೇಕಿತ್ತು, ಯಾಕೆ ಹೋಗಬೇಕಿತ್ತು, ಯಾರಿಗೂ ಗೊತ್ತಾಗಲಿಲ್ಲ. ಆಡುತ್ತಿದ್ದವನಿಗೇ ಗೊತ್ತಿರಲಿಲ್ಲ.

ಮುಂದಿನ ದೃಶ್ಯ ಆಸ್ಪತ್ರೆ. ಅಲ್ಲಿ "ನೀನು ಡಾಕ್ಟ್ರೇ ಅಲ್ಲ" ಅಂತ ಶುರು. ಅದರ ಮುಂದಿನದು ಮದುವೆ ಮನೆ. ಅಲ್ಲಿ "ಇದು ನಮ್ಮ ಹುಡುಗಿಯೇ ಅಲ್ಲ". ಒಂದು ಸಂಜೆಗೆ ಇದು ತಮಾಷೆ. ವಾರಗಟ್ಟಲೆ ನೋಡಿದರೆ ಎಲ್ಲ ದೃಶ್ಯವೂ ಒಂದೇ.

ಇನ್ನೊಂದು ಗಮನಿಸಬೇಕಾದ್ದಿತ್ತು. ಅಂಗನವಾಡಿ ಟೀಚರ್ ದೃಶ್ಯಕ್ಕೆ ಹೋದರೆ ಎರಡು ಮಾತಿನೊಳಗೆ ಸುಮ್ಮನಾಗುತ್ತಿದ್ದರು. ಅವರು ಏನು ತಂದರೂ ಎದುರಿನವರು ಹೊಡೆದುಹಾಕುತ್ತಿದ್ದರು. "ಮಗೂಗೆ ಜ್ವರ ಬಂದಿದೆ" ಅಂದರೆ "ಯಾವ ಮಗು? ನಿಂಗೆ ಮಗುವೇ ಇಲ್ಲ". ಕೊನೆಗೆ ಅವರು ದೃಶ್ಯಕ್ಕೆ ಏಳುವುದನ್ನೇ ಬಿಟ್ಟು ಎಲ್ಲರಿಗೂ ಚಹಾ ಬಗ್ಗಿಸುವ ಕೆಲಸ ಹಿಡಿದರು. ತಂಡ ನಗುತ್ತಿತ್ತು, ನಗು ಬಂದ ಮೇಲೆ ತೊಡಕಿದೆ ಅಂತ ಯಾರಿಗಾದರೂ ಯಾಕೆ ಅನಿಸಬೇಕು? ಬೆಲೆ ತೆರುತ್ತಿದ್ದವರು ಮಾತ್ರ ಚಹಾದ ಹತ್ತಿರ ನಿಂತಿದ್ದರು.

ಪುಸ್ತಕದ ಮದ್ದು ಹಿಡಿಯಲಿಲ್ಲ

ಇಂಪ್ರೊವೈಸೇಶನ್ ಕಲಿಸುವವರಿಗೆ ಈ ಕಾಯಿಲೆ ಹೊಸದಲ್ಲ. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಕೆಲಸ ಮಾಡಿ, ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋಗಿ ನೆಲೆಸಿದ ಕೀತ್ ಜಾನ್‌ಸ್ಟನ್ ಇದನ್ನು ಬಹಳ ವಿವರವಾಗಿ ಬರೆದಿದ್ದಾರೆ. ಎದುರಿನವರು ದೃಶ್ಯಕ್ಕೆ ಏನಾದರೂ ತಂದಾಗ ಅದನ್ನು ಒಪ್ಪಿಕೊಂಡು ಮುಂದೆ ಹೋಗಬಹುದು, ಇಲ್ಲ ಅಡ್ಡ ಹಾಕಬಹುದು. ಅಡ್ಡ ಹಾಕಿದರೆ ದೃಶ್ಯ ಅಲ್ಲೇ ನಿಲ್ಲುತ್ತದೆ. ಜನ ಅಡ್ಡ ಹಾಕುವುದು ಹೆಚ್ಚಾಗಿ ಹೆದರಿಕೆಯಿಂದ, ಮುಂದೇನಾಗುತ್ತೋ ಅನ್ನುವ ಅಂಜಿಕೆಯಿಂದ ಅಂತ ಅವರ ಅಭಿಪ್ರಾಯ.

ಇದಕ್ಕೆ ಎಲ್ಲ ಕಡೆ ಮಾಡಿಸುವ ಆಟ ಒಂದಿದೆ. ಪ್ರತಿ ಮಾತನ್ನೂ "ಹೌದು, ಮತ್ತೆ" ಅಂತಲೇ ಶುರು ಮಾಡಬೇಕು. ಅದನ್ನೇ ಮಾಡಿಸಿದೆ. ಕಾಲೇಜು ಹುಡುಗರಿಗೆ ಹಿಡಿಸಿತು. ಅರ್ಥಧಾರಿ ಹುಡುಗ ಒಂದು ಸುತ್ತು ಕೇಳಿಸಿಕೊಂಡ. ಎರಡನೇ ಸುತ್ತಿಗೆ ಅವನದು ತಯಾರಾಗಿತ್ತು.

"ಅಣ್ಣಾ, ಇದು ಬಸ್ ಸ್ಟಾಪಲ್ವಾ?"

"ಹೌದು, ಬಸ್ ಸ್ಟಾಪೇ. ಮತ್ತೆ, ಈ ಬಸ್ ಸ್ಟಾಪು ಇರೋದು ನಮ್ಮನೆ ಅಂಗಳದಲ್ಲಿ. ಮತ್ತೆ, ನೀನು ಚಪ್ಪಲಿ ಹಾಕ್ಕೊಂಡು ಬಂದಿದ್ದೀಯ."

ತಾಳಮದ್ದಲೆ ಕೇಳಿದವರಿಗೆ ಈ ವರಸೆ ಗೊತ್ತು. ಎದುರಿನವನ ಮಾತನ್ನು ಪೂರ್ತಿ ಒಪ್ಪಿ, ಒಪ್ಪಿದ್ದರಿಂದಲೇ ಅವನನ್ನು ಕೆಡವುವುದು. "ನೀನು ಹೇಳಿದ್ದು ಸರಿಯೇ" ಅಂತ ಶುರುವಾದರೆ ಕೇಳುವವರು ಗೋಡೆ ಬಿಟ್ಟು ನೆಟ್ಟಗೆ ಕೂರುತ್ತಾರೆ, ಮುಂದೆ ಮಜಾ ಇದೆ ಅಂತ. ಈ ಹುಡುಗನಿಗೆ 'ಹೌದು' ಅನ್ನೋದೂ ಒಂದು ಆಯುಧ. ಅವನಿಗೆ ಹೆದರಿಕೆಯಂತೂ ಇರಲಿಲ್ಲ. ಇಲ್ಲಿ ಜಾನ್‌ಸ್ಟನ್ ಹೇಳಿದ ಕಾರಣ ಕೂರುತ್ತಿರಲಿಲ್ಲ.

ಅವನ ಹತ್ತಿರವೇ ಕೇಳಿದೆ. ಅವನು ನೇರವಾಗಿ ಹೇಳಿದ: "ಸರ್, ತಾಳಮದ್ದಲೇಲಿ ಎದುರಿನವ್ರು ಹೇಳಿದ್ದಕ್ಕೆಲ್ಲ ಹೂಂ ಅಂದ್ರೆ ಜನ ಎದ್ದು ಹೋಗ್ತಾರೆ." ಮಾತು ಸುಳ್ಳಲ್ಲ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಮಾತಿನಿಂದ ವಾಲಿಯನ್ನೋ ಕರ್ಣನನ್ನೋ ಕಟ್ಟಬೇಕು. ಹಾಡುವ ಪದ್ಯ ಬರೆದಿಟ್ಟದ್ದು, ಆಡುವ ಮಾತು ಆ ಕ್ಷಣದ್ದು. ಯೋಚನೆ ಮಾಡಿ ನೋಡಿದರೆ ನಾನು ಕಲಿಸಲು ಹೋದದ್ದನ್ನು ಈ ಸೀಮೆಯವರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಹಾಗಾದರೆ ಅಲ್ಲಿ ವಾದ ಬೆಳಗಿನವರೆಗೂ ಸೊಗಸಾಗಿ ನಡೆಯುತ್ತದೆ, ಇಲ್ಲಿ ಐದು ನಿಮಿಷಕ್ಕೆ ಸಾಯುತ್ತದೆ, ಯಾಕೆ?

ಭಾಗವತರ ಕೈಯಲ್ಲಿ ಏನಿದೆ

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ತಾಳಮದ್ದಲೆಗೆ ಅದೇ ಸುಗ್ಗಿ. ಅದೇ ಹುಡುಗನ ಕೂಟ ಒಂದಕ್ಕೆ ಹೋದೆ. ಪ್ರಸಂಗ ವಾಲಿಮೋಕ್ಷ. ಹುಡುಗನದು ವಾಲಿ.

ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಭಾಗ ಬಂತು. ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ? ನಿನಗೂ ನನಗೂ ಏನು ಹಗೆ? ಹುಡುಗ ಅವತ್ತು ರಾಮನ ಅರ್ಥಧಾರಿಯನ್ನು ಚೆನ್ನಾಗಿಯೇ ಸಿಕ್ಕಿಸಿದ. ರಾಮನ ಪಾತ್ರದ ಹಿರಿಯರು ಎರಡು ಸಲ ತಡವರಿಸಿದರು. ಲೆಕ್ಕ ಹಾಕಿದರೆ ವಾಲಿಯೇ ಗೆದ್ದ. ಅಷ್ಟರಲ್ಲಿ ಭಾಗವತರು ತಾಳ ಹಾಕಿ ಮುಂದಿನ ಪದ್ಯ ಎತ್ತಿದರು. ಪದ್ಯದಲ್ಲಿ ವಾಲಿ ರಾಮನಿಗೆ ಶರಣಾಗುತ್ತಾನೆ. ಹುಡುಗ ಒಂದು ಕ್ಷಣವೂ ತಡ ಮಾಡದೆ ಕೈ ಮುಗಿದ. ಅಷ್ಟು ಹೊತ್ತು ಗೆದ್ದವನು ಸೋಲನ್ನು ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ, ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜ ಸುಣ್ಣದ ಡಬ್ಬಿ ಹಿಡಿದಲ್ಲೇ ಕೂತಿದ್ದರು.

ನನಗೆ ಬೇಕಾದ ಉತ್ತರ ಅಲ್ಲಿತ್ತು. ವಾಲಿಯಾಗಿ ಕೂತವನು ಬೀಳುವುದಕ್ಕೆ ಒಪ್ಪಿಯೇ ಕೂತಿರುತ್ತಾನೆ. ಏನು ನಡೆಯಿತು ಅನ್ನೋದರಲ್ಲಿ ಅಲ್ಲಿ ತಕರಾರಿಗೆ ಜಾಗವೇ ಇಲ್ಲ, ಅದು ಪದ್ಯದಲ್ಲಿದೆ, ಭಾಗವತರ ಕೈಯಲ್ಲಿದೆ. ನಡೆದದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ಎಷ್ಟು ಬೇಕಾದರೂ ಜಗ್ಗಾಡಬಹುದು. ಬಾಣ ತಾಗಲೇ ಇಲ್ಲ ಅಂತ ಯಾವ ವಾಲಿಯೂ ವಾದಿಸುವುದಿಲ್ಲ. ಶಾಲೆಯ ಹಾಲ್‌ನಲ್ಲಿ ಪದ್ಯ ಇರಲಿಲ್ಲ. ಹಾಗಾಗಿ ಎಲ್ಲ ವಾದವೂ ಬಾಣ ತಾಗಿತೋ ಇಲ್ಲವೋ ಅನ್ನುವುದರ ಮೇಲೇ ನಡೆಯುತ್ತಿತ್ತು. ಹುಡುಗನಿಗೆ ವಾದ ಬಿಡಲು ಹೇಳುವುದು ದಡ್ಡತನ. ಅವನಿಗೆ ಒಂದು ಪದ್ಯ ಕೊಡಬೇಕಿತ್ತು.

ತಾಳ ಹಾಕಿದ ಮೇಲೆ

ಮುಂದಿನ ಅಭ್ಯಾಸಕ್ಕೆ ಮೇಷ್ಟ್ರ ಹತ್ತಿರ ಕಂಚಿನ ತಾಳ ತರಿಸಿದೆ. ಅವರನ್ನು ಬದಿಗೆ ಕುರ್ಚಿ ಹಾಕಿ ಕೂರಿಸಿದೆ. ನಿಯಮ ಇಷ್ಟೇ. ದೃಶ್ಯದ ನಡುವೆ ಅವರು ತಾಳ ಹೊಡೆದು ಒಂದು ಸಾಲು ಹೇಳುತ್ತಾರೆ, ಹಾಡಬೇಕಾಗಿಲ್ಲ. ಹೇಳಿದ್ದು ಆಗಿಹೋಯಿತು. ಅದರ ಬಗ್ಗೆ ಜಗಳ ಆಡಬಹುದು, ಆಗಲೇ ಇಲ್ಲ ಅನ್ನುವ ಹಾಗಿಲ್ಲ. ಹಾಗೆಯೇ ಆಡುವವರ ಬಾಯಲ್ಲಿ ಬಂದ ಮೊದಲ ಸಂಗತಿಯೂ ಪದ್ಯದ ಲೆಕ್ಕ.

ದೃಶ್ಯಕ್ಕೆ ಜಾಗ ಕೇಳಿದಾಗ ಎಲೆಕ್ಟ್ರಿಷಿಯನ್ "ಹೊಳೆಬಾಗಿಲ ಲಾಂಚು" ಅಂದ. ಎಲ್ಲರಿಗೂ ಖುಷಿ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯವರಿಗೆ ಸಾಗರ ಪೇಟೆಗೆ ಬರಲು ಲಾಂಚೇ ಹತ್ತಿರದ ದಾರಿಯಾಗಿತ್ತು. ಬಸ್ಸು, ಕಾರು, ಬೈಕು, ಸಿಗಂದೂರಿಗೆ ಹೋಗುವ ಭಕ್ತರು, ಹುಷಾರಿಲ್ಲದವರು ಎಲ್ಲ ಒಟ್ಟಿಗೆ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಗಿ ಆಗಷ್ಟೇ ಲಾಂಚಿಗೆ ಕಾಯುವ ಕಾಲ ಮುಗಿದಿತ್ತು. ಕಾಯುವುದು ಅಂದರೇನು ಅಂತ ಮಾತ್ರ ಎಲ್ಲರ ಮೈಗೂ ನೆನಪಿತ್ತು.

ಅರ್ಥಧಾರಿ ಹುಡುಗ ಬೈಕಿಗೆ ಒರಗಿ ನಿಂತ. ಅಂಗನವಾಡಿ ಟೀಚರನ್ನು ನಾನೇ ಒತ್ತಾಯ ಮಾಡಿ ಕಳಿಸಿದೆ. ಅವರು ಬಂದು, "ತಮಾ, ಈ ಚೀಲ ಸ್ವಲ್ಪ ಹಿಡ್ಕೋ" ಅಂತ ಕೈ ಚಾಚಿದರು.

ಹಳೆಯ ಲೆಕ್ಕದಲ್ಲಿ "ಯಾವ ಚೀಲ?" ಬರಬೇಕಿತ್ತು. ಹುಡುಗನ ಬಾಯಿ ತೆರೆದೂ ಇತ್ತು. ಮೇಷ್ಟ್ರು ತಾಳ ಹಾಕಿದರು. "ಚೀಲ ಬಹಳ ಭಾರ ಇತ್ತು."

ಹುಡುಗನ ಭುಜ ಒಂದು ಕಡೆಗೆ ಜಗ್ಗಿತು. "ಎಂತ ಅಕ್ಕಾ ಇದು, ಕಲ್ಲಾ?"

"ಹೌದು ತಮಾ. ಒರಳಿನ ಗುಂಡು."

"ಗುಂಡು ಮಾತ್ರನಾ? ಒರಳು?"

"ಒರಳು ಹೋದ ವಾರವೇ ಜೀಪಲ್ಲಿ ಹೋಯ್ತು. ಮಗಳು ಸಾಗರದಲ್ಲಿ ಬೇರೆ ಮನೆ ಮಾಡಿದ್ದಾಳೆ."

ಈಗ ಹುಡುಗನಿಗೆ ಹಿಡಿತ ಸಿಕ್ಕಿತು. ಮಿಕ್ಸಿ ಇರುವ ಕಾಲದಲ್ಲಿ ಒರಳು ಯಾಕೆ, ಬಾಡಿಗೆ ಮನೆಯ ನೆಲ ಅದನ್ನು ತಡೆಯುತ್ತದಾ, ಮಗಳು ಕೇಳಿದ್ದಾಳಾ ಇಲ್ಲಾ ಇವರೇ ಹೊರಿಸುತ್ತಿದ್ದಾರಾ. ಒಂದೊಂದೇ ಪಾಯಿಂಟು ತೆಗೆದ. ಟೀಚರ್ ಜಾಸ್ತಿ ಮಾತಾಡಲಿಲ್ಲ. "ಕೇಳಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೇಳಿದ್ರೆ ಬೇಡ ಅಂತಿದ್ಲು" ಅಂದರು.

ತಾಳ. "ಲಾಂಚು ನಡುನೀರಲ್ಲಿ ನಿಂತಿತು."

ಎಲೆಕ್ಟ್ರಿಷಿಯನ್ ಡ್ರೈವರಾಗಿ ಒಳಗೆ ಬಂದ. ಭಾರ ಜಾಸ್ತಿ ಆಗಿದೆ, ಬೇಡದ್ದು ಏನಿದೆಯೋ ನೀರಿಗೆ ಹಾಕಿ ಅಂದ. ಚೀಲದ ಕಡೆ ನೋಡಿ, "ಇದೆಂತದು, ಕಲ್ಲಾ? ಮೊದ್ಲು ಇದನ್ನ ಹಾಕಿ" ಅಂದ.

ಚೀಲ ಇನ್ನೂ ಹುಡುಗನ ಕೈಯಲ್ಲೇ ಇತ್ತು. ಅಷ್ಟು ಹೊತ್ತೂ ಅದನ್ನು ಕೆಳಗಿಟ್ಟಿರಲಿಲ್ಲ, ಕೈ ಬದಲಾಯಿಸುತ್ತಾ ಮಾತಾಡುತ್ತಿದ್ದ. ಅವನು ಚೀಲವನ್ನು ಎದೆಗೆ ಎತ್ತಿಕೊಂಡು, "ಇದು ಬೇಡದ್ದು ಅಂತ ನಿಂಗೆ ಯಾರು ಹೇಳಿದ್ದು?" ಅಂತ ಶುರು ಮಾಡಿದ. ಬಸ್ ಸ್ಟಾಪಿನ ದೃಶ್ಯದ ಅದೇ ಧಾಟಿ. ಈ ಸಲ ಅದಕ್ಕೊಂದು ಕಾರಣ ಇತ್ತು. ತಾನು ಹೀಗಳೆದ ಗುಂಡಿನ ಪರವಾಗಿ ತಾನೇ ನಿಂತು ಡ್ರೈವರನ ಹತ್ತಿರ ವಾದಿಸಿದ, ಮಿಕ್ಸಿಯನ್ನು ಬೈದ, ಕೊನೆಗೆ "ಬೇಕಾದ್ರೆ ನನ್ನ ಬೈಕು ಇಳಿಸು" ಅಂದ.

ಟೀಚರ್ ಅವನ ಕೈಯಿಂದ ಚೀಲ ತೆಗೆದುಕೊಂಡು, "ಬೈಕಿನ ಸಾಲ ತೀರಿಲ್ಲ ಅಂದಿದ್ದೆ ಅಲ್ವಾ ತಮಾ" ಅಂದರು. ಅವನು ಹಾಗೆ ಅಂದಿರಲೇ ಇಲ್ಲ. ಆದರೆ ಹೇಳಿದ್ದು ಆಗಿಹೋಯಿತು. ಹುಡುಗ ತಲೆ ಕೆಳಗೆ ಹಾಕಿದ.

ಮೇಷ್ಟ್ರ ಹೊಸ ಹುರುಪು

ಇದಾದ ಮೇಲೆ ಎಲ್ಲ ಸುಸೂತ್ರ ಆಯಿತು ಅಂದುಕೊಂಡರೆ, ಅದೂ ಇಲ್ಲ. ಮೇಷ್ಟ್ರಿಗೆ ತಾಳದ ರುಚಿ ಹತ್ತಿತು. ನಿಮಿಷಕ್ಕೊಂದು ಸಾಲು. "ಆಗ ಗುಡುಗು ಸಿಡಿಲು ಬಂತು. ಆಗ ಹಳೆಯ ಗೆಳೆಯ ಬಂದ. ಆಗ ಆಕೆಗೆ ಪಶ್ಚಾತ್ತಾಪ ಆಯಿತು." ಆಡುವವರು ಅವರು ಹೇಳಿದ್ದನ್ನು ಅಭಿನಯಿಸುವ ಗೊಂಬೆಗಳಾದರು. ಪಶ್ಚಾತ್ತಾಪ ಆಗುವುದು ಬಿಡುವುದು ಆಡುವವರ ಕೆಲಸ, ಭಾಗವತರದ್ದಲ್ಲ. ಹಿರಿಯರು, ಮುಖದ ಮೇಲೆ ಹೇಳುವ ಹಾಗಿಲ್ಲ. ನಿಯಮವನ್ನೇ ಬಿಗಿ ಮಾಡಿದೆ. ಒಂದು ದೃಶ್ಯಕ್ಕೆ ಹೆಚ್ಚೆಂದರೆ ಮೂರು ಸಾಲು. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿ ಮಾತ್ರ. ಮನಸ್ಸಿನೊಳಗೆ ಏನಾಯಿತು ಅಂತ ಹೇಳುವ ಹಾಗಿಲ್ಲ. ಮೂರೇ ಅಂತಾದ ಮೇಲೆ ಮೇಷ್ಟ್ರು ಕಾದು ಹೊಡೆಯಲು ಕಲಿತರು. ನಿಜ ಹೇಳಬೇಕಂದರೆ ಆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುವವರು ಈಗ ಅವರೇ.

ಇನ್ನೊಂದು ಚಿಕ್ಕ ತೊಡಕು ಇತ್ತು. ತಾಳಮದ್ದಲೆ ಕೂತು ಆಡುವ ಕಲೆ. ಹುಡುಗನನ್ನು ನೋಡಿ ಉಳಿದವರೂ ಮೈಕಿನ ಎದುರು ನಿಂತವರ ಹಾಗೆ ಕೈ ಕಟ್ಟಿ ಮಾತಾಡುತ್ತಿದ್ದರು. ಇದಕ್ಕೆ ಅಮೆರಿಕದ ವಯೋಲಾ ಸ್ಪೋಲಿನ್ ಅವರ ದಾರಿ ಕೆಲಸಕ್ಕೆ ಬಂತು. ಶಿಕಾಗೋದಲ್ಲಿ ವಲಸೆ ಬಂದವರ ಮಕ್ಕಳಿಗೆ ಆಟಗಳ ಮೂಲಕವೇ ನಾಟಕ ಕಲಿಸಿದವರು ಅವರು. ಆಡುವವರ ಗಮನ ಮಾತಿನ ಮೇಲೆ ಬೇಡ, ಕೈಯಲ್ಲಿರುವ ಕೆಲಸದ ಮೇಲೆ ಇರಲಿ ಅನ್ನುವ ದಾರಿ ಅವರದ್ದು. ನಮ್ಮಲ್ಲಿ ಕೆಲಸಕ್ಕೆ ಬರವೇ? ಇಬ್ಬರು ಗೃಹಿಣಿಯರಿಗೆ ಅಡಿಕೆ ಸುಲಿಯಲು ಹೇಳಿದೆ. ಕತ್ತಿಯೂ ಇಲ್ಲ, ಅಡಿಕೆಯೂ ಇಲ್ಲ. ಅವರು ಮೆಟ್ಟುಗತ್ತಿ ಎಲ್ಲಿದೆ ಅಂತ ನೋಡಿಕೊಂಡು, ಸೀರೆ ಒತ್ತರಿಸಿ ಕೂತು, ಬಲಕ್ಕೆ ಕೈ ಹಾಕಿ ಅಡಿಕೆ ತೆಗೆದು, ಕತ್ತಿಯ ಮೂತಿಗೆ ಒತ್ತಿ ಸಿಪ್ಪೆ ಎಬ್ಬಿಸಿ, ಬೇಳೆಯನ್ನು ಬುಟ್ಟಿಗೆ ಹಾಕಿದರು. ಬುಟ್ಟಿಯ ಜಾಗ ಒಂದು ಸಲವೂ ತಪ್ಪಲಿಲ್ಲ. ಜೊತೆಗೆ ಕೂತ ಕಾಲೇಜು ಹುಡುಗಿ ಪೇಟೆಯವಳು, ಅಡಿಕೆಯನ್ನು ಬಟಾಟೆ ಹಿಡಿದ ಹಾಗೆ ಹಿಡಿದಳು. "ಬೆರಳು ಹೋತು ನೋಡು!" ಅಂತ ಒಬ್ಬರು ಕಿರುಚಿದರು. ಹುಡುಗಿ ಬೆಚ್ಚಿ ಬೆರಳನ್ನು ಬಾಯಿಗೆ ಇಟ್ಟುಕೊಂಡಳು. ಅಲ್ಲಿಂದ ಅದು ಹೊಸ ಸೊಸೆಯ ದೃಶ್ಯವಾಯಿತು. ಯಾರೂ ತಾಳ ಹಾಕಬೇಕಾಗಲಿಲ್ಲ.

ತಾಳ ಇಲ್ಲದೆ

ತಾಳ ಊರುಗೋಲು. ಅದನ್ನು ಬಿಡಿಸಬೇಕು ಅಂತ ನನ್ನ ಲೆಕ್ಕ ಇತ್ತು. ಬಿಡಿಸಿದ ದಿನವೇ ದೃಶ್ಯಗಳು ಮತ್ತೆ ಅಂಗಳವೋ ಬಸ್ ಸ್ಟಾಪೋ ಆದವು. ಪೂರ್ತಿ ತೆಗೆಯುವ ಬದಲು ತಾಳವನ್ನು ವೇದಿಕೆಯ ನಡುವೆ ಸ್ಟೂಲಿನ ಮೇಲೆ ಇಟ್ಟೆ. ಯಾರು ಬೇಕಾದರೂ ಎತ್ತಿ ಹೊಡೆದು ಒಂದು ಸಂಗತಿ ಹೇಳಬಹುದು. ಒಂದೇ ಷರತ್ತು: ಆ ಸಂಗತಿಯಿಂದ ಹೇಳಿದವರಿಗೇ ತೊಂದರೆ ಆಗಬೇಕು. "ನಿನ್ನ ಜೇಬು ತೂತಾಗಿತ್ತು" ಅನ್ನುವ ಹಾಗಿಲ್ಲ, "ನನ್ನ ಜೇಬು ತೂತಾಗಿತ್ತು" ಅನ್ನಬೇಕು.

ಅರ್ಥಧಾರಿ ಹುಡುಗನಿಗೆ ಇದು ಬಹಳ ಕಷ್ಟವಾಯಿತು. ತಾಳಕ್ಕೆ ಕೈ ಹಾಕಿ ವಾಪಸ್ ತೆಗೆದದ್ದನ್ನು ನೋಡಿದ್ದೇನೆ. ಪದ್ಯ ಸೋಲಿಸಿದರೆ ಅವನಿಗೆ ಬೇಜಾರಿಲ್ಲ, ತಾನೇ ತನ್ನ ಸೋಲಿನ ಪದ್ಯ ಕಟ್ಟುವುದು ಬೇರೆ. ಟೀಚರಿಗೆ ಮಾತ್ರ ಇದು ನೀರು ಕುಡಿದಷ್ಟು ಸುಲಭ. ಬಂದವರೇ ತಾಳ ಹೊಡೆದು, "ನಾನು ಅವನ ದುಡ್ಡು ಖರ್ಚು ಮಾಡಿದ್ದೆ" ಅಂತ ಹೇಳಿ, ಎದುರಿನವರು ಏನು ಮಾಡುತ್ತಾರೆ ಅಂತ ನೋಡುತ್ತಾ ನಿಲ್ಲುತ್ತಿದ್ದರು. ಅವರ ದೃಶ್ಯಕ್ಕೆ ಜೊತೆಯಾಗಲು ಈಗ ಹುಡುಗರಲ್ಲಿ ಪೈಪೋಟಿ. ಚಹಾ ಯಾರು ಬಗ್ಗಿಸುತ್ತಾರೆ ಅನ್ನೋದು ಹೊಸ ಸಮಸ್ಯೆ.

ದೀಪಾವಳಿಯ ಪ್ರಯೋಗ ನಡೆಯಿತು. ಒಂದು ದೃಶ್ಯ ನೆಲಕಚ್ಚಿತು. ನೋಡುವವರ ಹತ್ತಿರ ವಿಷಯ ಕೇಳಿದೆವು, ಹಿಂದಿನಿಂದ ಯಾರೋ "ಎಲೆಚುಕ್ಕಿ ರೋಗ" ಅಂದರು. ಆ ರೋಗಕ್ಕೆ ಅಡಿಕೆ ತೋಟ ಕಳೆದುಕೊಳ್ಳುತ್ತಿರುವವರು ಎದುರೇ ಕೂತಿದ್ದಾರೆ. ಆಡುವವರಿಗೆ ನಗಿಸಲೂ ಆಗಲಿಲ್ಲ, ಅಳಿಸಲೂ ಆಗಲಿಲ್ಲ. ಸರ್ಕಾರವನ್ನು ಬೈಯುವ ಭಾಷಣ ಮಾಡಿ ಒಳಗೆ ಬಂದರು. ಅಡಿಕೆ ಸುಲಿಯುವ ದೃಶ್ಯ ಚೆನ್ನಾಗಿ ಬಂತು. ಅರ್ಥಧಾರಿ ಮತ್ತು ಟೀಚರ್ ಆಡಿದ್ದು ಲಾಂಚಿನಷ್ಟು ಏರಲಿಲ್ಲ, ಆದರೆ ಕೊನೆಗೆ ಹುಡುಗ ತಾನಾಗಿ ತಾಳ ಎತ್ತಿ, "ಕಾಗದ ನಾನೇ ಅಡಗಿಸಿ ಇಟ್ಟಿದ್ದೆ" ಅಂದ. ತಾಳಮದ್ದಲೆಯ ಕೇಳುಗರು ಅಲ್ಲಿ ಸಾಕಷ್ಟು ಜನ ಇದ್ದರು. ಒಬ್ಬರು ಜೋರಾಗಿಯೇ "ಎಲಾ!" ಅಂದರು.

ಈಗ ಅಡಿಕೆ ಕೊನೆ ಕೊಯ್ಲು ಶುರುವಾಗಿ ಅಭ್ಯಾಸ ನಿಂತಿದೆ. ಸ್ಟೂಲಿನ ಮೇಲೆ ತಾಳ ಇದ್ದರೆ ದೃಶ್ಯ ಎಂಟು ಹತ್ತು ನಿಮಿಷ ನಡೆಯುತ್ತದೆ. ಇಲ್ಲದಿದ್ದರೆ ನಾಲ್ಕು ನಿಮಿಷಕ್ಕೆ ವಾದಕ್ಕೆ ಇಳಿಯುತ್ತದೆ, ಮೂವರು ಒಟ್ಟಿಗೆ ಬಂದರೆ ಇನ್ನೂ ಬೇಗ. ಮುಂದಿನ ಮಳೆಗಾಲಕ್ಕೆ ತಾಳ ತೆಗೆದೇ ಆಡಿಸೋಣ ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಅವರು ಎಲ್ಲ ಕೇಳಿಸಿಕೊಂಡು, ಮದ್ದಲೆಯವರೊಬ್ಬರು ಪರಿಚಯ ಇದ್ದಾರೆ, ಕರೆದುಕೊಂಡು ಬರಲಾ ಅಂತ ಕೇಳಿದ್ದಾರೆ.